ಮನೆಯಾಚೆ ಆಡಬೇಕಾದ ಮಾತು

ಅಪ್ಪನ ಆಕ್ಸಿಜನ್ ಎಷ್ಟಿದೆ ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ತಾರೀಖಿನ ಸಮೇತ ಡೈರಿಯಲ್ಲಿ ಬರೆಯುತ್ತೇನೆ. ತೊಂಬತ್ತರ ಕೆಳಗಿಳಿದರೆ ಕೆಂಪು ಶಾಯಿ. ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟ್ ಮಾಡಿ ನಿವೃತ್ತನಾಗಿ ಸಿಂಧನೂರಿಗೆ ಬಂದವನು ಅಪ್ಪ. ಬೀಡಿ ಬಿಟ್ಟದ್ದು ತಡವಾಯಿತು. ಶ್ರಾವಣದಿಂದೀಚೆಗೆ ಡೈರಿಯಲ್ಲಿ ಕೆಂಪು ಜಾಸ್ತಿ.

ಹೋದ ಸಲ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು: ಮುಂದೆ ಉಸಿರು ಪೂರ್ತಿ ಕೈಕೊಟ್ಟರೆ ಗಂಟಲಿಗೆ ನಳಿಕೆ ಹಾಕಿ ಮಷಿನ್ನಿಗೆ ಜೋಡಿಸಬೇಕೋ ಬೇಡವೋ, ಅವರು ಚೆನ್ನಾಗಿರುವಾಗಲೇ ಅವರನ್ನೇ ಕೇಳಿ. ಅವರಿಗೆ ಮಾತಾಡಲು ಆಗದಿದ್ದರೆ ಯಾರು ಹೇಳಬೇಕೆಂಬುದನ್ನೂ ಕೇಳಿ. ಬರೆದು ಸಹಿ ಮಾಡಿಸುವುದು ಆಮೇಲೆ.

ಮನೆಯಲ್ಲಿ ಅದನ್ನು ಕೇಳುವುದೇ ಆಗಲಿಲ್ಲ. ಮನೆಯ ಮೇಲೆ ಅಸ್ತು ದೇವತೆಗಳು ತಿರುಗುತ್ತಿರುತ್ತವೆ, ಕೆಟ್ಟದ್ದು ಆಡಿದರೆ ‘ಅಸ್ತು’ ಅಂದುಬಿಡುತ್ತವೆ ಎಂಬುದು ಅವ್ವನ ನಂಬಿಕೆ. ಅಪ್ಪ, “ನಾಳೆ ನನಗೇನರ ಆದ್ರ...” ಎನ್ನುವಷ್ಟರಲ್ಲಿ ಅವ್ವ ದೀಪದ ಬತ್ತಿ ಬಿಟ್ಟು ಓಡಿ ಬರುತ್ತಿದ್ದಳು.

“ಬಿಡ್ತು ಅನ್ರಿ ಮೊದಲ!”

“ಬಿಡ್ತು,” ಅನ್ನುತ್ತಿದ್ದ ಅಪ್ಪ. ಹಾಗಂದರೆ ಆಡಿದ ಮಾತು ರದ್ದಾದಂತೆ. ನನ್ನ ಡೈರಿಯಲ್ಲಿ ಅವನ ಅರ್ಧ ವಾಕ್ಯಗಳೇ ಉಳಿದವು.

ಅಪ್ಪ ಕೆಮ್ಮಿದಾಗಲೆಲ್ಲ ನನ್ನ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಈಗಲೇ ಆಗಿಬಿಟ್ಟರೆ? ಲಿಂಗಸುಗೂರಿನಲ್ಲಿರುವ ಅತ್ತಿ, ಅಂದರೆ ಅಪ್ಪನ ಅಕ್ಕ, ಎಲ್ಲರಿಗಿಂತ ಮೊದಲು ಆಸ್ಪತ್ರೆ ಮುಟ್ಟುತ್ತಾಳೆ. ಏನು ಬೇಕಾದರೂ ಹಾಕಿರಿ ಎಂದು ಅಳುತ್ತಾಳೆ. ಅಪ್ಪನಿಗೆ ಏನು ಬೇಕೆಂದು ನಮಗೇ ಗೊತ್ತಿಲ್ಲದಿದ್ದರೆ ಅವಳಿಗೆ ಏನು ಹೇಳುವುದು?

ಕಳೆದ ಗುರುವಾರ ತಪಾಸಣೆ ಮುಗಿಸಿ ಲಿಂಗಸುಗೂರಿನಿಂದ ಮರಳುವಾಗ ಅಪ್ಪನಿಗೆ ದಣಿವಾಯಿತೆಂದು ಮಸ್ಕಿಯಲ್ಲಿ ಇಳಿದೆವು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದಾಗ ಅವ್ವ ಇದ್ದಕ್ಕಿದ್ದಂತೆ, “ಈಗ ಹೇಳ್ರಿ,” ಅಂದಳು.

“ಏನ ಹೇಳ್ಲಿ?”

“ದಿನಾ ಹೇಳಾಕ ಹೋಗಿ ಬಿಡ್ತು ಅಂತಿರಲ್ಲ, ಅದನ್ನ. ಇದು ನಮ್ಮ ಮನಿ ಅಲ್ಲ, ನಮ್ಮ ಊರೂ ಅಲ್ಲ. ಈ ಹಾರ್ನಿನ ಸಪ್ಪಳದಾಗ ಯಾವ ದೇವತಿಗೂ ಕೇಳಂಗಿಲ್ಲ.”

“ಮಸ್ಕಿ ಮಂದಿ ಏನ್ ಪಾಪ ಮಾಡ್ಯಾರಬೇ?” ಅಪ್ಪ ನಕ್ಕ. ನಗು ಕೆಮ್ಮಾಯಿತು. ನಾನು ಅವನ ಬೆರಳಿಗೆ ಆಕ್ಸಿಜನ್ ಮೀಟರ್ ಹಾಕಲು ಹೋದೆ, ಕೈ ಸರಿಸಿದ.

“ಔಷಧಿ, ಇಂಜೆಕ್ಷನ್, ಮೂಗಿಗೆ ಆಕ್ಸಿಜನ್ ಎಲ್ಲಾ ಕೊಡಸ್ರಿ. ಇನ್ನ ಸುಧಾರಿಸಂಗಿಲ್ಲ ಅಂತ ಡಾಕ್ಟ್ರು ಅಂದ ಮ್ಯಾಲ ನಳಿಗಿ ಹಾಕಿ ಮಷಿನ್ನಿಗೆ ಕಟ್ಟಬ್ಯಾಡ್ರಿ. ಶಿಫ್ಟ್ ಮುಗೀತಂದ್ರ ಮುಗೀತು, ಓವರ್‌ಟೈಮ್ ಬ್ಯಾಡ. ಡಾಕ್ಟ್ರಿಗೆ ಇದನ್ನ ಮಗಳು ಹೇಳ್ಲಿ. ನೀ ಅಳ್ತಿ.”

“ಅಳಕೋತ ಹೇಳ್ತೀನಿ,” ಅಂದಳು ಅವ್ವ. “ನನ್ನ ಗಂಡನ ಮಾತು ನಾನ ಹೇಳ್ಬೇಕು.”

“ಅತ್ತಿ ಬಂದು ಬ್ಯಾರೆ ಹೇಳಿದ್ರ?” ಎಂದು ನಾನು ಕೇಳಿದೆ.

ಅಪ್ಪನೇ ಅವ್ವನ ಫೋನು ಇಸಿದುಕೊಂಡು ಅತ್ತಿಗೆ ಹಚ್ಚಿ, ಸ್ಪೀಕರಿಗೆ ಹಾಕಿ, “ಅಕ್ಕಾ,” ಅಂದ.

“ಏನಲೇ ತಮ್ಮಾ, ಊರು ಮುಟ್ಟಿದ್ರಾ?” ಅತ್ತಿಯ ದನಿ.

ಇದ್ದಷ್ಟು ಉಸಿರಿನಲ್ಲಿ ಅಪ್ಪ ಎಲ್ಲವನ್ನೂ ಮತ್ತೊಮ್ಮೆ ಹೇಳಿದ.

“ಬಿಡ್ತು ಅನ್ನು! ಮೊದಲ ಬಿಡ್ತು ಅನ್ನಲೇ!”

ರೂಢಿಯಂತೆ ಅಪ್ಪನ ತುಟಿ ಅಲುಗಿತು. ಅವ್ವ ಫೋನು ಕಸಿದುಕೊಂಡಳು.

“ಅವರು ಅನ್ನಂಗಿಲ್ಲ ಅಕ್ಕಾರ. ನಾನೂ ಅನ್ರಿ ಅನ್ನಂಗಿಲ್ಲ.”

ಅತ್ತಿ ಫೋನು ಇಟ್ಟಳು. ಸಿಂಧನೂರಿನ ಬಸ್ಸು ಬಂತು.

“ಏನ್ ಬರಿಯೂದೈತಿ, ಬಸ್ಸಿನಾಗ ಬರಿ. ಮನ್ಯಾಗ ಬ್ಯಾಡ,” ಅಂದಳು ಅವ್ವ. ಬಸ್ಸಿನಲ್ಲಿ ಡೈರಿ ತೆಗೆದು ಬರೆದೆ. ತಗ್ಗು ಬಂದಲ್ಲೆಲ್ಲ ಅಕ್ಷರ ಕುಣಿದವು. ವಾಕ್ಯ ಮಾತ್ರ ಪೂರ್ತಿಯಾಯಿತು. ಅವ್ವನ ಮಡಿಲಲ್ಲಿ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಅಪ್ಪ ಕಿಟಕಿಗೆ ತಲೆಯಾನಿಸಿದ್ದ; ನಿದ್ದೆಯೋ ಸುಸ್ತೋ ಎಂದು ನಾನು ಅವನ ಎದೆಯನ್ನೇ ನೋಡುತ್ತ ಕೂತೆ. ಊರು ಹತ್ತಿರವಾದಾಗ ಅವ್ವ ಫೋನು ಎತ್ತಿದಳು.

“ಸಾಯೂ ಮಾತು ಬಸ್‌ಸ್ಟ್ಯಾಂಡಿನಾಗ ಆಡ್ತಾರೇನ?” ಅತ್ತಿ ಅತ್ತಿದ್ದಳೆಂಬುದು ದನಿಯಲ್ಲೇ ತಿಳಿಯುತ್ತಿತ್ತು. “ಅವ ಉಂಡಾನಿಲ್ಲೋ? ನಾಳೆ ನಿಮ್ಮ ಮನಿಗೆ ಬಂದು ಮಾತಾಡ್ತೀನಿ.”

“ಮನ್ಯಾಗ ಬ್ಯಾಡ್ರಿ ಅಕ್ಕಾರ. ನೀವು ಮಸ್ಕಿಗೆ ಬರ್ರಿ. ನಾನು, ಮಗಳು ಬರ್ತೀವಿ.”

ಅತ್ತಿ, ಮಸ್ಕಿಗೆ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.