ತಂಗಿಯ ವಾಚು

ಬಳೆ ಸದ್ದು ಮಾಡುತ್ತವೆಂದು ನನ್ನ ತಂಗಿ ಅವನ್ನು ಸಿರುಗುಪ್ಪದ ಗಂಡನ ಮನೆಯಲ್ಲೇ ಬಿಚ್ಚಿಟ್ಟು ಬಂದಳು. ವಾಚನ್ನು ಮಾತ್ರ ಬಿಚ್ಚಲಿಲ್ಲ. ಮುತ್ತೈದೆ ಬರಿಗೈಯಲ್ಲಿ ತವರಿಗೆ ಬಂದರೆ ಅವ್ವ ಎದೆ ಒಡೆದುಕೊಳ್ಳುತ್ತಾಳೆ ಎಂಬ ಭಯ. ಏಟು ತಿಂದು ಓಡಿ ಬರುವಾಗಲೂ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ನೆನಪಾಗುವುದು ಇಂಥದ್ದೇ. ಆ ಸ್ಮಾರ್ಟ್‌ವಾಚು ಗಂಡನೇ ತಂದು ಕಟ್ಟಿದ್ದು, ತನ್ನ ಫೋನಿಗೆ ಜೋಡಿಸಿಕೊಂಡಿದ್ದು.

ಅವಳು ಕುರುಗೋಡಿನಲ್ಲಿ ನಾನೂ ಅವ್ವನೂ ಇರುವ ಮನೆಗೆ ಬಂದಾಗ ನಾನು ಮಷಿನ್ ಮುಂದೆ ಕೂತು ಗಿರಾಕಿಯ ರವಿಕೆ ಹೊಲಿಯುತ್ತಿದ್ದೆ. ಕೊಟ್ಟ ನೀರು ಇನ್ನೂ ಕುಡಿದು ಮುಗಿಸಿರಲಿಲ್ಲ, ನನ್ನ ಫೋನಿಗೆ ಅವನ ಕರೆ ಬಂತು.

“ಆರಾಮದೀರಿ ಅಕ್ಕಾರ? ಆಕಿ ಬಸವಣ್ಣನ ಗುಡಿ ಹತ್ರ ಇಳಿದು ನಿಮ್ಮ ಮನಿಗೆ ಬಂದಾಳಲ್ರಿ. ಊಟ ಮಾಡಿಸ್ರಿ, ಸಂಜಿಗೆ ಬಂದು ಕರ್ಕೊಂಡು ಹೋಗತೀನಿ.”

ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನ್ನ ಬಾಯೇನೂ ಕಡಿಮೆಯದಲ್ಲ. ಆ ಮರ್ಯಾದೆಯ ಮಾತು ಕೇಳಿ ಎದ್ದು ಬಾಗಿಲ ಅಗುಳಿ ಹಾಕಿದೆ. ತಂಗಿ ವಾಚು ನೋಡುತ್ತ ಅಂದಳು, “ಇದ್ರಾಗ ಸಿಮ್ ಐತಕ್ಕಾ. ನಾ ಎಲ್ಲಿ ಹೋದ್ರೂ ಅವರ ಫೋನಿನ್ಯಾಗ ಕಾಣತೈತಿ.”

ಅದನ್ನು ಆಫ್ ಮಾಡಿದೆವು. ಅವನು ಬರುವಷ್ಟರಲ್ಲಿ ನಾನು ಅವಳನ್ನು ಬಳ್ಳಾರಿಗೆ ಕರೆದೊಯ್ದು, ಅವಳ ಜೊತೆ ಓದಿದ ಗೆಳತಿಯ ಮನೆಯಲ್ಲಿ ಬಿಟ್ಟಿದ್ದೆ. ಸಂಜೆ ಅವನು ಬಂದು, ಅವ್ವ ಕೊಟ್ಟ ಚಹಾ ಕುಡಿದು, ಒಂದೊಂದೇ ಕೋಣೆ ಇಣುಕಿ ನೋಡಿ ಹೋದನಂತೆ.

ವಾಚನ್ನು ಕಾಲುವೆಗೆ ಎಸೆಯುತ್ತೇನೆ ಅಂದೆ. ಅವ್ವ ಬಿಡಲಿಲ್ಲ. “ಅವರ ಸಾಮಾನು ಅವರಿಗೆ ಮುಟ್ಟಬೇಕು. ನಾಳೆ ನಾಲ್ಕು ಮಂದಿ ಮುಂದ ನಮ್ಮನ್ನ ಕಳ್ಳರು ಮಾಡ್ಯಾನು.” ಮಾತು ನಿಜವೇ. ಆದರೆ ತಂಗಿ ಆ ವಾಚಿನಿಂದಲೇ ಗೆಳತಿಯ ಜೊತೆ ಎಷ್ಟೋ ಸಲ ಮಾತಾಡಿದ್ದಳು, ನಂಬರು ಅದರಲ್ಲಿತ್ತು. ಎಲ್ಲ ಅಳಿಸಿ ಕೊಟ್ಟರಾಯಿತೆಂದು ಮರುದಿನ ಬಳ್ಳಾರಿಯ ಬ್ರೂಸ್‌ಪೇಟೆಯ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವರು ನಡುವಯಸ್ಸಿನ ಸಮಾಧಾನದ ಮನುಷ್ಯ. ಬಟನ್ ಒತ್ತಿ ಹಿಡಿದು ರಿಸೆಟ್ ಮಾಡಿದರು. ವಾಚು ಹೊಸದರಂತೆ ಭಾಷೆ ಯಾವುದು ಬೇಕೆಂದು ಕೇಳಿತು. ನಾನು ಉಸಿರು ಬಿಟ್ಟೆ.

“ವಾಚು ಮರತೈತಮ್ಮಾ, ಜೋಡಿಸಿದ ಫೋನು ಮರತಿಲ್ಲ,” ಅಂದರು. “ಜೋಡಿ ಹಂಗೇ ಐತಿ. ಯಾರಿಗೆ ಫೋನ್ ಮಾಡಿದ್ರು, ಎಲ್ಲೆಲ್ಲಿ ಓಡಾಡಿದ್ರು, ಹಳೇದೆಲ್ಲ ಆ ಫೋನಿನ ಆ್ಯಪಿನ್ಯಾಗ ಇರತೈತಿ.”

ಹಿಂದಿನ ತಿಂಗಳು ಆಸ್ಪತ್ರೆಯ ನೆಪದಲ್ಲಿ ತಂಗಿ ಎರಡು ಸಲ ಆ ಗೆಳತಿಯ ಮನೆಗೆ ಹೋಗಿದ್ದಳು. ದಾರಿ, ಓಣಿ, ಬಾಗಿಲು ಎಲ್ಲ ಅವನ ಜೇಬಿನಲ್ಲೇ ಇದ್ದವು. ಅವನಿನ್ನೂ ನೋಡಿಲ್ಲ, ಅಷ್ಟೇ.

“ಅಳಿಸಾಕ ಏನ್ ಮಾಡಬೇಕ್ರಿ?”

“ಆ ಫೋನಿನ್ಯಾಗ ವಾಚನ್ನ ಅನ್‌ಪೇರ್ ಮಾಡಬೇಕು, ಅಂದ್ರ ಜೋಡಿ ಬಿಡಿಸಬೇಕು. ಮಾಡಿದ್ರ ಈ ಕಂಪನಿ ವಾಚಿಂದು ಹಳೇದೆಲ್ಲ ಅಳಿಸಿ ಹೋಗತೈತಿ. ಅದನ್ನ ಮಾಡದ ಈ ವಾಚು ಮತ್ತ ನಡಿಯಂಗೂ ಇಲ್ಲ.”

ಕೊನೆಯ ಮಾತು ನನ್ನ ತಲೆಯಲ್ಲಿ ಕೂತಿತು. ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ಬರುವಷ್ಟರಲ್ಲಿ ಇಳಿದು ವಾಪಸ್ ಹೋಗೋಣವೆಂದು ಎರಡು ಸಲ ಎದ್ದು ನಿಂತೆ. ಅಷ್ಟು ಹೆದರಿದ್ದೆ. ಅವನ ಮನೆಗೆ ಒಬ್ಬಳೇ ಹೋಗಲಿಲ್ಲ. ಅದೇ ಓಣಿಯ ಹಿರಿಯರಿಬ್ಬರನ್ನು ಕೈಮುಗಿದು ಕರೆದುಕೊಂಡು ಹೋದೆ. ನಾಲ್ಕು ಮಂದಿ ಮುಂದೆ ಅವನು ಬೆಣ್ಣೆಯಂಥ ಮನುಷ್ಯ.

“ನಿಮ್ಮ ಸಾಮಾನು ತಗೊಳ್ರಿ,” ಎಂದು ವಾಚು ಕೊಟ್ಟೆ. “ಬಂದ್ ಬಿದ್ದಿತ್ತು, ಅಂಗಡ್ಯಾಗ ರಿಪೇರಿ ಮಾಡಿಸೀನಿ. ನಿಮ್ಮ ಫೋನಿನ್ಯಾಗ ಒಮ್ಮೆ ತಗದು ಮತ್ತ ಜೋಡಿಸಬೇಕಂತ, ಇಲ್ಲಾಂದ್ರ ನಡಿಯಂಗಿಲ್ಲಂತ. ಹಿರಿಯರ ಮುಂದೇ ನೋಡಿಬಿಡ್ರಿ, ಕೆಡಿಸಿ ಕೊಟ್ರು ಅನ್ನೋ ಮಾತು ಬ್ಯಾಡ.”

ಅವನು ನಕ್ಕು ಫೋನು ತೆಗೆದ. ಆ್ಯಪು ತೆರೆದಾಗ ಒಂದು ನಕ್ಷೆ ಕಂಡಿತು, ಅದರ ಮೇಲೊಂದು ನೀಲಿ ಗೆರೆ, ತಂಗಿ ಓಡಾಡಿದ ದಾರಿ. ಅವನ ಬೆರಳು ಅದರ ಮೇಲೇ ನಿಂತಿತು.

“ಲಗೂನ ಮುಗಸಪಾ, ನಂದು ಊಟದ ಹೊತ್ತಾತು,” ಎಂದರು ಹಿರಿಯರಲ್ಲೊಬ್ಬರು.

ಬೆರಳು ಕೆಳಗೆ ಸರಿಯಿತು. ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು. ಅವನು ಓದದೆ ಒತ್ತಿದ. ನಕ್ಷೆ ಹೋಯಿತು, ಗೆರೆ ಹೋಯಿತು, ಪರದೆ ಬೆಳ್ಳಗಾಯಿತು.

ಹೊರಡುವಾಗ ಅವನ ತಾಯಿ ಓಣಿಯ ತಿರುವಿನ ತನಕ ಜೊತೆಗೆ ಬಂದರು. “ಹುಡುಗಿ ಉಣ್ಣಾಕತ್ಯಾಳೇನವಾ?” ಎಂದು ಕೇಳಿ ಕಣ್ಣೊರೆಸಿಕೊಂಡರು. ತಂಗಿಯನ್ನು ಮಗಳಂತೆ ನೋಡಿಕೊಂಡ ಜೀವ ಅದು. ಪಾಪ ಎನಿಸಿತು. ಎಲ್ಲಿದ್ದಾಳೆಂದು ಹೇಳಿ ಸಮಾಧಾನ ಮಾಡೋಣವೆಂದು ನಾನು ಬಾಯಿ ತೆರೆದೆ. ಅವರು ತಟ್ಟನೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

“ನನಗ ಹೇಳಬ್ಯಾಡವಾ. ಅವಾ ಹೊಡದ್ರ ನಾ ಹೇಳಿಬಿಡತೀನಿ.”