ಹತ್ತು ದಿನದ ನಡಿಗೆ, ಮೋಸಂಬಿ ಗಾತ್ರದ ಗ್ರಹ

ಚೆನ್ನೈನ ಪ್ಯಾರೀಸ್ ಕಾರ್ನರಿನಲ್ಲಿ ಶಾಲೆಯ ಗ್ಲೋಬುಗಳ ಸಗಟು ವ್ಯಾಪಾರ ಮಾಡುವ ವಿಶ್ವಾರಾಧ್ಯರಿಗೆ ಭೂಮಿಯೆಂದರೆ ಡಜನ್ ಲೆಕ್ಕ. ಎಂಟು ಇಂಚಿನ ಭೂಮಿ, ಹನ್ನೆರಡು ಇಂಚಿನ ಭೂಮಿ, ಸ್ಟ್ಯಾಂಡು ಮುರಿದಿದ್ದರೆ ವಾಪಸು. ಅಂಥ ಮನುಷ್ಯ ಅರವತ್ತರ ಹೊಸ್ತಿಲಲ್ಲಿ, ಎಲ್ಲೂ ಇಲ್ಲದ ಒಂದು ಗ್ರಹಕ್ಕಾಗಿ ಎರಡು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದರು ಎಂದರೆ ಯಾರಾದರೂ ನಂಬುತ್ತಾರೆಯೇ? ಕನ್ನಡಿ ಮುಂದೆ ನಿಂತು ವಿಭೂತಿ ಹಚ್ಚಿಕೊಳ್ಳುವಾಗ ಅವರಿಗೇ ನಗು ಬರುತ್ತಿತ್ತು. ಆದರೂ ಬಿಡುವ ಜಾತಿಯಲ್ಲ.

ಗ್ರಹದ ಹೆಸರು ಅರುಣಿಕೆ. ಫೋನಿನಲ್ಲಿ ಬರುವ ಒಂದು ಧಾರಾವಾಹಿಯಲ್ಲಿದೆ. ಅದರ ಹುಚ್ಚು ಹಿಡಿದ ಏಳು ಮಂದಿ ಚೆನ್ನೈ ಕನ್ನಡಿಗರು ತಿಂಗಳಿಗೊಂದು ಭಾನುವಾರ ಪೋರೂರಿನ ವಿಶ್ವಾರಾಧ್ಯರ ಮನೆಯಲ್ಲಿ ಸೇರುತ್ತಿದ್ದರು. ಕಥೆಯ ನಾಯಕ ಮುದುಕರು, ಮಕ್ಕಳು, ಮೇಕೆಗಳು ಸಮೇತ ಇಡೀ ಊರನ್ನು ಕಟ್ಟಿಕೊಂಡು ನೇರವಾಗಿ ನಡೆಯುತ್ತಾನೆ. ಮುನ್ನೂರು ದಿನಕ್ಕೆ ಮತ್ತೆ ತನ್ನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಹಾಗಾದರೆ ಗ್ರಹ ಎಷ್ಟು ದೊಡ್ಡದು?

"ಜನ ದಿನಕ್ಕ ನಲವತ್ತು ಕಿಲೋಮೀಟರ್ ನಡೀತಾರ," ಎಂದು ವಿಶ್ವಾರಾಧ್ಯರು ತೀರ್ಪು ಕೊಟ್ಟಿದ್ದರು. "ಶ್ರೀಶೈಲಕ್ಕ ನಡದು ಹೋದಾಂವ ನಾನು. ನಮ್ಮೂರಿಂದ ನಾಕ್ನೂರು ಕಿಲೋಮೀಟರ್, ಹತ್ತ ದಿನ. ನನಗ ಹೇಳಬ್ಯಾಡ್ರಿ." ಮುನ್ನೂರು ದಿನಕ್ಕೆ ಹನ್ನೆರಡು ಸಾವಿರ ಕಿಲೋಮೀಟರ್ ಸುತ್ತಳತೆ. ಮುಗಿಯಿತು.

ಶೋಳಿಂಗನಲ್ಲೂರಿನ ಐಟಿ ಕಂಪನಿಯಲ್ಲಿದ್ದ, ಮಂಡ್ಯ ಕಡೆಯ ಹುಡುಗ ನಿಶಾಂತ್ ಮಾತ್ರ ಒಪ್ಪಿರಲಿಲ್ಲ. ಒಂದು ಕಂತಿನಲ್ಲಿ ನಾಯಕಿ ಚೆಂಡನ್ನು ಮೇಲೆಸೆದು, ಅದು ಕೆಳಗೆ ಬರುವಷ್ಟರಲ್ಲಿ ಒಂದು ಲೋಟ ಬಿಸಿ ಕಾಫಿ ಮುಗಿಸುತ್ತಾಳೆ. "ಗ್ರಹ ದೊಡ್ಡದಾದಷ್ಟೂ ಸೆಳೆತ ಜಾಸ್ತಿ. ನಿಮ್ಮ ಸೈಜಿಗೆ ಚೆಂಡು ಹದಿನೈದು ಸೆಕೆಂಡಿಗೆ ಬಿದ್ದುಹೋಗುತ್ತೆ ಸಾರ್. ಬಿಸಿ ಕಾಫಿಗೆ ಅರ್ಧ ನಿಮಿಷನಾದ್ರೂ ಬೇಕಲ್ವಾ?" ಎಂಬುದು ಅವನ ವಾದ. ಹದಿನೈದು ಸೆಕೆಂಡು ಸಾಕೆಂದು ತೋರಿಸಲು ಹೋಗಿ ವಿಶ್ವಾರಾಧ್ಯರು ನಾಲಿಗೆ ಸುಟ್ಟುಕೊಂಡರು. ಮೂರು ದಿನ ಸಾರಿಗೂ ಪಾಯಸಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಆದರೂ ಗೆದ್ದವರು ಅವರೇ. ಶ್ರೀಶೈಲದ ಹೆಸರೆತ್ತಿದ ಮೇಲೆ ಕಾಫಿಯ ಮಾತನ್ನು ಯಾರು ಕೇಳುತ್ತಾರೆ?

ಆ ಭಾನುವಾರ ಗಾತ್ರವನ್ನು ಖಾಯಂ ಮಾಡಬೇಕಿತ್ತು. ಹನ್ನೆರಡು ಇಂಚಿನ ಭೂಮಿಯ ಪಕ್ಕದಲ್ಲಿ ಇಡಲು ಮೋಸಂಬಿಯಷ್ಟು ದಪ್ಪದ ಮರದ ಚೆಂಡಿಗೆ ಕೆಂಪು ಬಣ್ಣ ಹೊಡೆಸಿ ವಿಶ್ವಾರಾಧ್ಯರು ಮೊದಲೇ ತಂದಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವರದು ಎತ್ತಿದ ಕೈ.

ಅವರ ಹೆಂಡತಿ ಗಿರಿಜಾದೇವಿ ಒಗ್ಗರಣೆ ಮಂಡಕ್ಕಿಯ ತಟ್ಟೆಗಳನ್ನು ಹಂಚುತ್ತಿದ್ದಾಗ ನಿಶಾಂತ್ ಎದ್ದು ನಿಂತ. "ನಾನು ನನ್ನ ವಾದ ವಾಪಸ್ ತಗೋತೀನಿ ಸಾರ್. ನಮ್ಮಜ್ಜಿನೂ ನಡೆದುಕೊಂಡು ಬೆಟ್ಟಕ್ಕೆ ಹೋಗ್ತಿದ್ರು. ದೇವರಿಗೆ ನಡೆದಿದ್ದರ ಬಗ್ಗೆ ಯಾರೂ ಸುಳ್ಳು ಹೇಳಲ್ಲ."

ವಿಶ್ವಾರಾಧ್ಯರ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಹುಡುಗ ನಂಬಿಬಿಟ್ಟನಲ್ಲ! ಹೆಂಡತಿಯ ಕಡೆ ನೋಡಿದರು. ವಿಶ್ವಾರಾಧ್ಯರಿಗೆ ನಿಜವಾಗಿ ಹೆದರಿಕೆಯಾಯಿತು. ಏಕೆಂದರೆ ಆ ಹತ್ತು ದಿನದ ಮೇಲೆ ನಿಂತದ್ದು ಅರುಣಿಕೆಯೊಂದೇ ಅಲ್ಲ, ಅವರ ಸಂಸಾರವೂ ಹೌದು. ಮೂವತ್ತೈದು ವರ್ಷದ ಹಿಂದೆ ಪಾದಯಾತ್ರೆಯ ತಂಡ ಊರು ಬಿಟ್ಟ ಹತ್ತು ದಿನದ ಮೇಲೆ ಇವರು ಒಬ್ಬರೇ ಹೊರಟು, ಕೊನೆಯ ದಿನ ತಂಡವನ್ನು ಕೂಡಿಕೊಂಡಿದ್ದರು. "ಎಂಥಾ ಗಟ್ಟಿ ಕಾಲು, ಎಂಥಾ ಭಕ್ತಿ!" ಎಂದು ಮಗಳನ್ನೂ ಕರೆದುಕೊಂಡು ತಂಡದಲ್ಲಿ ಬಂದಿದ್ದ ಗಿರಿಜೆಯ ಅಪ್ಪ ಅಲ್ಲೇ, ಬೆಟ್ಟದ ಬುಡದಲ್ಲೇ, ಅವಳನ್ನು ಕೊಡುವ ಮಾತಾಡಿದ್ದರು.

"ಕೂಡಪಾ ನಿಶಾಂತ್," ಎಂದರು ವಿಶ್ವಾರಾಧ್ಯರು. ದನಿ ಸಣ್ಣಗಾಗಿತ್ತು. "ನಾ ನಡದಿಲ್ಲ. ಮೊದಲನೇ ದಿನನ ಕಾಲಾಗ ಬೊಬ್ಬಿ ಎದ್ದಿದ್ವು. ಬಸ್ ಹತ್ತಿ ಬಳ್ಳಾರಿಗೆ ಹೋಗಿ, ಅತ್ತಿ ಮನ್ಯಾಗ ಏಳು ದಿನ ಹೋಳಿಗಿ ತಿಂದೆ. ಆಮ್ಯಾಲ ಉಳ್ಳಾಗಡ್ಡಿ ಲಾರಿ ಹತ್ತಿದೆ. ತಂಡದವರಿಗೆ ಹಿಡದದ್ದು ಇಪ್ಪತ್ತು ದಿನ. ದಿನಕ್ಕ ಇಪ್ಪತ್ತ ಕಿಲೋಮೀಟರ್. ಅದ ಖರೆ ಲೆಕ್ಕ."

ಗಿರಿಜಾದೇವಿ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ನಿಶಾಂತ್ ಫೋನು ತೆಗೆದು ಲೆಕ್ಕ ಹಾಕಿದವನು ಕೂಗಿಕೊಂಡೇಬಿಟ್ಟ. "ಸಾರ್! ಗ್ರಹ ಅರ್ಧ ಆಯ್ತು! ಮಣ್ಣು ನಮ್ಮ ಮಣ್ಣಿನಷ್ಟೇ ಭಾರ ಅಂದ್ಕೊಂಡ್ರೆ ಸೆಳೆತಾನೂ ಅರ್ಧ. ಚೆಂಡು ಬೀಳೋಕೆ ಮೂವತ್ತು ಸೆಕೆಂಡು! ಕಾಫಿ ಸರಿಹೋಯ್ತು ಸಾರ್!" ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಮಾನ ಹೋದದ್ದಕ್ಕೆ ಇಷ್ಟು ಜನ ಒಟ್ಟಿಗೆ ಸಂಭ್ರಮಪಟ್ಟದ್ದನ್ನು ವಿಶ್ವಾರಾಧ್ಯರು ಹಿಂದೆಂದೂ ಕಂಡಿರಲಿಲ್ಲ. ಅರುಣಿಕೆ ಈಗ ನಿಂಬೆಹಣ್ಣಿನಷ್ಟಾಗಿತ್ತು. ಒಂದು ನಿಂಬೆಹಣ್ಣು ತರುತ್ತೇನೆಂದು ನೆಪ ಹೇಳಿ ಅವರು ಅಡುಗೆಮನೆಗೆ ಹೋದರು.

ಗಿರಿಜಾದೇವಿ ಆ ಕಡೆ ಮುಖ ಮಾಡಿ ಪಾತ್ರೆ ತೊಳೆಯುತ್ತಿದ್ದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ವಿಶ್ವಾರಾಧ್ಯರು ಬಾಗಿಲಲ್ಲೇ ನಿಂತರು. "ತಪ್ಪಾತು, ಗಿರಿಜಾ."

ಆಕೆ ತಿರುಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. "ಲಾರಿ ಇಳಿಯೂದು ನಾ ಅವತ್ತ ನೋಡಿದ್ದೆ. ಕೆರಿ ದಂಡ್ಯಾಗ ಕುಂತು ಕಾಲಿಗೆ ಮಣ್ಣ ಬಡಕೊಂಡ್ರಲ್ಲ, ಅದನ್ನೂ ನೋಡಿದ್ದೆ. ಒಂದ ಕಾಲಿಗೆ ಜಾಸ್ತಿ, ಒಂದಕ್ಕ ಕಡಿಮಿ."

"ಮತ್ತ ನಿಮ್ಮಪ್ಪಗ ಯಾಕ ಹೇಳಲಿಲ್ಲ?"

ಗಿರಿಜಾದೇವಿ ಬುಟ್ಟಿಯಿಂದ ಒಂದು ನಿಂಬೆಹಣ್ಣು ಆರಿಸಿ ಅವರ ಕೈಗಿಟ್ಟರು.

"ಹೇಳಿದ್ರ ನನ್ನ ನಿಮಗ ಕೊಡತಿದ್ನೇನ್ರಿ?"