ಮೇಡಂ ಕೇಳುವ ಮೊದಲ ಪ್ರಶ್ನೆ

ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ, ಕಷ್ಟ ಹೇಳಿಕೊಂಡು ಬಂದವರಿಗೆ ಆಪ್ತಸಲಹೆಯನ್ನೂ ಕೊಡುವ ಪ್ರಮೋದಾ ಮೇಡಂ, ಎದುರಿಗೆ ಯಾರೇ ಬಂದರೂ ಮೊದಲು ಕೇಳುವುದು ಒಂದೇ: "ನಿಮ್ಮ ಮನೆದೇವ್ರು ಯಾವ್ದು?" ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ, ನಿದ್ದೆ ಬರುವುದಿಲ್ಲವೆಂದು ಹೇಳಿಕೊಳ್ಳಲು ಬಂದವನಿಗೂ ಅದೇ, ತಪಾಸಣೆಗೆ ಬಂದ ವಿಶ್ವವಿದ್ಯಾಲಯದ ದೊಡ್ಡವರಿಗೂ ಅದೇ, ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ತೆಗೆದ ಕಂಡಕ್ಟರಿಗೂ ಅದೇ. "ಪುಸ್ತಕದಲ್ಲಿ ಇದಿಲ್ವಲ್ಲ ಮೇಡಂ" ಎಂದು ಹುಡುಗರು ನಕ್ಕರೆ ರೇಗಿಬಿಡುತ್ತಾರೆ. "ಪುಸ್ತಕ ಬರೆದೋರು ಹರಕೆ ಹೊತ್ತಿದ್ರೇನ್ರೋ? ಜನ ನಮ್ಮ ಹತ್ರ ಬರೋ ಮುಂಚೆ ದೇವ್ರ ಹತ್ರ ಹೋಗಿ ಅತ್ತು ಬಂದಿರ್ತಾರೆ. ಅಲ್ಲೇನ್ ಹೇಳ್ಕೊಂಡ್ರು ಅಂತ ಕೇಳಿ. ದೇವ್ರು ಇದಾನೋ ಇಲ್ವೋ ಅಂತ ತೀರ್ಮಾನ ಮಾಡೋದು ನಿಮ್ಮ ಕೆಲಸ ಅಲ್ಲ." ನೀವು ನಂಬುತ್ತೀರಾ ಎಂದು ಯಾರಾದರೂ ತಿರುಗಿ ಕೇಳಿದರೆ ಮಾತ್ರ ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಳ್ಳುತ್ತಾರೆ. ಆ ಚೀಲದಿಂದ ಮಾರ್ಕರ್ ತೆಗೆದುಕೊಡಲು ಹೋದ ವಿದ್ಯಾರ್ಥಿನಿ ಅರ್ಪಿತಳ ಕೈಗೆ ಒಂದು ದಿನ ಮುಡಿಪು ಸಿಕ್ಕಿತು. ಹರಕೆ ಹೊತ್ತು ಕಾಸು ಕಟ್ಟಿಟ್ಟ ಅರಿಶಿನದ ಬಟ್ಟೆ. ಬಣ್ಣ ಪೂರ್ತಿ ಮಾಸಿಹೋಗಿತ್ತು. "ಇನ್ನೂ ತೀರಿಸಿಲ್ವಾ ಮೇಡಂ?" ಎಂದಳು. ಮೇಡಂ ಅದನ್ನು ತೆಗೆದುಕೊಂಡು ಅಂಗೈಯಲ್ಲಿ ಮುಚ್ಚಿದರು. "ಮಗ ಆಸ್ಪತ್ರೆಯಿಂದ ಮನೆಗೆ ಬಂದ್ರೆ ಒಪ್ಪಿಸ್ತೀನಿ ಅಂತ ಕಟ್ಟಿದ್ದೆ ಕಣೇ. ಅವನು ಬರ್ಲಿಲ್ಲ. ಈಗ ಕೊಡೋ ಹಾಗೂ ಇಲ್ಲ, ಬಿಚ್ಚೋಕೂ ಮನಸ್ಸು ಬರ್ತಿಲ್ಲ." ಇಂಥ ಹೊತ್ತಿನಲ್ಲಿ ಏನು ಕೇಳಬೇಕೆಂದು ಮೇಡಮ್ಮೇ ಅವಳಿಗೆ ಕಲಿಸಿದ್ದರು. ಆದರೂ ಅರ್ಪಿತ ಗಡಿಯಾರದ ಕಡೆ ನೋಡಿ, "ನಿಮ್ಮ ಬಸ್ಸಿಗೆ ಹೊತ್ತಾಯ್ತು ಮೇಡಂ" ಎಂದುಬಿಟ್ಟಳು.